ಸ್ನೂಕರ್: ಚೆಂಡು ತಪ್ಪೋದು ಬಗ್ಗೋಕ್ಕಿಂತ ಮೊದಲೇ! ಹೊಡೆತಕ್ಕೆ ಮುಂಚಿನ 15 ಸೆಕೆಂಡ್ ಹೀಗಿರಲಿ

ಚಿಕ್ಕಪಡಸಲಗಿ: ಸ್ನೂಕರ್ ಟೇಬಲ್ ಪಕ್ಕ ಒಂದು ಸಂಜೆ ನಿಂತು ನೋಡಿ. ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳೋ ಮಾತು ಒಂದೇ: "ಸ್ವಲ್ಪದರಾಗ ತಪ್ಪಿತಲ್ಲೋ!" ಚೆಂಡು ಪಾಕೆಟ್ ಬಾಯಿವರೆಗೂ ಹೋಗಿ, ಅಂಚಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಎದುರಿನವರು ಬಂದು ಅದನ್ನು ಆರಾಮಾಗಿ ಒಳಗೆ ಹಾಕುತ್ತಾರೆ. ಸೋತವರೇ ಟೇಬಲ್ ರೊಕ್ಕ ಕೊಡಬೇಕು ಅನ್ನೋ ರೂಢಿ ಇದ್ದ ಕಡೆ ಆ "ಸ್ವಲ್ಪ" ಕಿಸೆಗೂ ಭಾರವೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಆಟಗಾರರಲ್ಲಿ ಹೆಚ್ಚಿನವರಿಗೆ ಆಟಕ್ಕೆ ಸಿಗೋದು ದಿನಕ್ಕೆ ಒಂದು ತಾಸು. ಅಂಗಡಿ ಬಾಗಿಲು ಹಾಕಿ, ಮಗ್ಗ ನಿಲ್ಲಿಸಿ, ಹೊಲದ ಕೆಲಸ ಮುಗಿಸಿ ಬಂದವರು ಅವರು. ಆ ಒಂದು ತಾಸಿನಲ್ಲಿ ಹತ್ತಾರು ಸುಲಭದ ಚೆಂಡು ತಪ್ಪಿದರೆ ಬೇಸರ ಆಗೋದು ಸಹಜ. ಆಗ ಕ್ಯೂ ಬದಲಿಸುತ್ತಾರೆ, ಟಿಪ್ ಸರಿಯಿಲ್ಲ ಅಂತಾರೆ, ಟೇಬಲ್ ಇಳಿಜಾರು ಅಂತಾರೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಕ್ಯೂ, ಟೇಬಲ್ ಕೆಟ್ಟಿರೋದೂ ಉಂಟು. ಆದರೆ ಬಹಳಷ್ಟು ಚೆಂಡು ತಪ್ಪೋದಕ್ಕೆ ಕಾರಣ ಬೇರೆ. ಆಟಗಾರ ಟೇಬಲ್ ಮೇಲೆ ಬಗ್ಗೋಕ್ಕಿಂತ ಮೊದಲೇ ಆ ತಪ್ಪು ಆಗಿಹೋಗಿರುತ್ತದೆ. ಏನು ಮಾಡಬೇಕು ಅಂತ ತೀರ್ಮಾನ ಆಗಿರೋದಿಲ್ಲ, ಕಾಲು ಸರಿಯಾದ ಜಾಗದಲ್ಲಿ ಇರೋದಿಲ್ಲ. ಬಗ್ಗಿದ ಮೇಲೆ ಕೈ ಅದನ್ನೆಲ್ಲ ಸರಿಮಾಡಲು ಹೋಗಿ ಸೋಲುತ್ತದೆ. ಇದಕ್ಕೆ ಮದ್ದು ಹೊಸ ಕ್ಯೂ ಅಲ್ಲ. ಪ್ರತಿ ಹೊಡೆತಕ್ಕೂ ಮುಂಚೆ ಒಂದೇ ಥರ ಮಾಡೋ ಕ್ರಮ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರೀ-ಶಾಟ್ ರೂಟೀನ್ ಅಂತಾರೆ. ಒಂದು ರೂಪಾಯಿ ಖರ್ಚಿಲ್ಲ, ಬೇಕಾದ್ದು ಹದಿನೈದು ಸೆಕೆಂಡ್ ಅಷ್ಟೇ.

ನಾಣ್ಯದ ದಪ್ಪದಷ್ಟು ಸರಿದರೂ ಸಾಕು

ಮೊದಲು ಈ ಆಟ ಎಷ್ಟು ಸೂಕ್ಷ್ಮ ಅನ್ನೋ ಲೆಕ್ಕ ನೋಡೋಣ. ಪೂರ್ತಿ ಅಳತೆಯ ಸ್ನೂಕರ್ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಚೆಂಡಿನ ಅಗಲ 52.5 ಮಿಲಿಮೀಟರ್. ಪಾಕೆಟ್ ಬಾಯಿ ಸುಮಾರು ಮೂರೂವರೆ ಇಂಚು. ಅಂದರೆ ಚೆಂಡು ಸರಿಯಾಗಿ ನಡುವೆ ಹೋದರೆ ಎಡಕ್ಕೆ, ಬಲಕ್ಕೆ ಉಳಿಯೋ ಜಾಗ ತಲಾ 18 ಮಿಲಿಮೀಟರ್, ಒಂದು ಬೆರಳಿನ ಅಗಲದಷ್ಟು.

ಈಗ ಬಿಳಿ ಚೆಂಡಿನಿಂದ ಕೆಂಪು ಚೆಂಡಿಗೆ 4 ಅಡಿ, ಕೆಂಪಿನಿಂದ ಪಾಕೆಟ್‌ಗೆ ಮತ್ತೆ 4 ಅಡಿ ಅಂತ ಇಟ್ಟುಕೊಳ್ಳಿ. ಮೂರೂ ಒಂದೇ ನೇರದಲ್ಲಿವೆ. ಬಿಳಿ ಚೆಂಡು ಹೋಗಿ ತಗಲುವಾಗ ಬರೀ 2 ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ. ಹತ್ತಿರ ಹತ್ತಿರ ಒಂದು ನಾಣ್ಯದ ದಪ್ಪ. ಕೆಂಪು ಚೆಂಡು ಪಾಕೆಟ್ ಹತ್ತಿರ ಹೋಗೋ ಹೊತ್ತಿಗೆ ಅದು ಸುಮಾರು 46 ಮಿಲಿಮೀಟರ್ ತಪ್ಪು ಆಗಿರುತ್ತದೆ. ಚೆಂಡು ಗುಂಡಗಿರೋದರಿಂದ ಸಣ್ಣ ತಪ್ಪು ದೊಡ್ಡದಾಗುತ್ತದೆ. ಇರೋ ಜಾಗ 18, ತಪ್ಪು 46. ಚೆಂಡು ಒಳಗೆ ಹೋಗೋ ಮಾತೇ ಇಲ್ಲ.

ಆ 2 ಮಿಲಿಮೀಟರ್ ಎಲ್ಲಿಂದ ಬಂತು? ಕ್ಯೂ ಹೋದ ದಿಕ್ಕಿನಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸ ಆಗಿದ್ದರಿಂದ. ಇಷ್ಟು ಸಣ್ಣದನ್ನು ಬಗ್ಗಿಕೊಂಡು, ಕೈಯಿಂದ ಜಗ್ಗಾಡಿ ಸರಿಮಾಡೋದು ಯಾರಿಂದಲೂ ಆಗದು. ಮೈಯೇ ಆ ಗೆರೆಯ ಮೇಲೆ ಬಂದು ನಿಂತಿರಬೇಕು. ಅದಕ್ಕೇ ಹೊಡೆತಕ್ಕಿಂತ ಮುಂಚಿನ ಕ್ರಮಕ್ಕೆ ಇಷ್ಟು ಬೆಲೆ.

ಒಂದೇ ನಿಯಮ: ನಿಂತಾಗ ಯೋಚನೆ, ಬಗ್ಗಿದಾಗ ಹೊಡೆತ

ಎಲ್ಲ ಹಂತಗಳಿಗಿಂತ ಮೊದಲು ನೆನಪಿಡಬೇಕಾದ್ದು ಇದು. ಯಾವ ಚೆಂಡು, ಯಾವ ಪಾಕೆಟ್, ಎಷ್ಟು ಜೋರು, ಬಿಳಿ ಚೆಂಡು ಆಮೇಲೆ ಎಲ್ಲಿ ನಿಲ್ಲಬೇಕು, ಇದೆಲ್ಲ ನಿಂತುಕೊಂಡೇ ತೀರ್ಮಾನ ಆಗಬೇಕು. ಬಗ್ಗಿದ ಮೇಲೆ ಉಳಿಯೋ ಕೆಲಸ ಒಂದೇ, ನೇರವಾಗಿ ಹೊಡೆಯೋದು.

ವ್ಯಾಪಾರಸ್ಥರಿಗೆ ಇದು ಹೊಸ ಮಾತಲ್ಲ. ತಕ್ಕಡಿಯ ಮುಳ್ಳು ಅಲ್ಲಾಡುತ್ತಿರುವಾಗ ಯಾರೂ ತೂಕ ಹೇಳೋದಿಲ್ಲ. ಮುಳ್ಳು ನಿಂತ ಮೇಲೆ ಹೇಳುತ್ತಾರೆ. ಮನಸ್ಸು ಅಲ್ಲಾಡುತ್ತಿರುವಾಗ ಕ್ಯೂ ಮುಂದೆ ಹೋದರೆ ತೂಕ ತಪ್ಪಿದ ಹಾಗೆಯೇ.

ಆರು ಹಂತ

ಕೆಳಗಿನ ವಿವರ ಬಲಗೈ ಆಟಗಾರರಿಗೆ. ಎಡಗೈಯವರು ಬಲ ಅಂದಲ್ಲಿ ಎಡ, ಎಡ ಅಂದಲ್ಲಿ ಬಲ ಅಂತ ಓದಿಕೊಳ್ಳಿ.

1. ಹಿಂದೆ ನಿಂತು ತೀರ್ಮಾನಿಸಿ. ಬಿಳಿ ಚೆಂಡಿನಿಂದ ಎರಡು-ಮೂರು ಅಡಿ ಹಿಂದೆ, ಹೊಡೆತದ ಗೆರೆಯ ಮೇಲೆಯೇ ನಿಲ್ಲಿ. ಟಿಪ್‌ಗೆ ಚಾಕ್ ಹಚ್ಚೋದು ಈಗಲೇ. ಚಾಕ್ ಇಲ್ಲದಿದ್ದರೆ ಟಿಪ್ ಚೆಂಡಿನ ಮೇಲೆ ಜಾರುತ್ತದೆ. ಅದರ ಜೊತೆ ಇನ್ನೊಂದು ಲಾಭವೂ ಇದೆ. ಚಾಕ್ ಹಚ್ಚೋ ಆ ನಾಲ್ಕು ಸೆಕೆಂಡ್ ಯೋಚನೆಗೆ ಮೀಸಲಿಡಿ. ಚಾಕ್ ಕೆಳಗಿಟ್ಟರೆ ಯೋಚನೆ ಮುಗಿಯಿತು ಅಂತ ಮನಸ್ಸಿಗೆ ಒಂದು ಗುರುತು ಆಗುತ್ತದೆ.

2. ಗೆರೆ ನೋಡಿ. ಪಾಕೆಟ್ ನಡುವಿನಿಂದ ಕೆಂಪು ಚೆಂಡಿನ ನಡುವಿಗೆ ಒಂದು ಗೆರೆ ಎಳೆದ ಹಾಗೆ ಊಹಿಸಿ. ಆ ಗೆರೆ ಕೆಂಪು ಚೆಂಡಿನ ಈಚೆ ಬದಿ ಎಲ್ಲಿ ಹೊರಗೆ ಬರುತ್ತದೋ ಅಲ್ಲಿಯೇ ಬಿಳಿ ಚೆಂಡು ತಗಲಬೇಕು. ಇಲ್ಲೊಂದು ಎಚ್ಚರಿಕೆ: ಓರೆ ಹೊಡೆತದಲ್ಲಿ ಬಿಳಿ ಚೆಂಡಿನ ನಡುವನ್ನು ಆ ತಗಲೋ ಜಾಗಕ್ಕೇ ಗುರಿಯಿಟ್ಟರೆ ಚೆಂಡು ದಪ್ಪ ತಗಲುತ್ತದೆ, ಪಾಕೆಟ್ ತಪ್ಪುತ್ತದೆ. ತಗಲೋ ಕ್ಷಣದಲ್ಲಿ ಬಿಳಿ ಚೆಂಡು ಕೆಂಪಿಗೆ ಅಂಟಿ ನಿಂತಿದೆ ಅಂತ ಕಲ್ಪಿಸಿಕೊಳ್ಳಿ. ಆ ಕಾಣದ ಚೆಂಡಿನ ನಡುವೇ ನಿಮ್ಮ ಗುರಿ. ಅನುಮಾನ ಇದ್ದರೆ ಟೇಬಲ್ ಸುತ್ತಿ ಪಾಕೆಟ್ ಎದುರಿನಿಂದಲೂ ಒಮ್ಮೆ ನೋಡಿ ಬನ್ನಿ. ಯಾರೂ ಬೇಡ ಅನ್ನೋದಿಲ್ಲ.

3. ಗೆರೆಯ ಮೇಲೆ ಹೆಜ್ಜೆ ಇಡಿ. ಕಣ್ಣು ಗುರಿಯಿಂದ ತೆಗೆಯದೆ ಮುಂದೆ ಬನ್ನಿ. ಮೊದಲು ಬಲಗಾಲು ಗೆರೆಯ ಮೇಲೆ ಬರಲಿ, ಆಮೇಲೆ ಎಡಗಾಲು ಸ್ವಲ್ಪ ಮುಂದೆ, ಸ್ವಲ್ಪ ಎಡಕ್ಕೆ. ಬಹಳ ಮಂದಿ ಟೇಬಲ್ ಪಕ್ಕದಿಂದ ಬಂದು ಅಡ್ಡಡ್ಡ ಬಗ್ಗುತ್ತಾರೆ. ಅಲ್ಲಿಗೆ ಮೈ ಗೆರೆ ಬಿಟ್ಟು ಹೋಯಿತು. ಎಲ್ಲ ಹಂತಗಳಲ್ಲಿ ಜನ ಬಿಟ್ಟುಬಿಡೋದು ಇದನ್ನೇ, ಆಟ ಸುಧಾರಿಸೋದೂ ಇದರಿಂದಲೇ.

4. ಕೈ ಊರಿ, ತಲೆ ಇಳಿಸಿ. ಎಡಗೈ ಬೆರಳು ಅಗಲಿಸಿ ಬಟ್ಟೆಯ ಮೇಲೆ ಗಟ್ಟಿಯಾಗಿ ಊರಿ. ಹೆಬ್ಬೆರಳು ಎತ್ತಿ ಕ್ಯೂಗೆ ದಾರಿ ಮಾಡಿ. ಕೈಯಿಂದ ಬಿಳಿ ಚೆಂಡಿಗೆ ಎಂಟರಿಂದ ಹನ್ನೆರಡು ಇಂಚು ದೂರ ಇರಲಿ. ತಲೆ ಮೇಲಿನಿಂದ ನೇರವಾಗಿ ಗೆರೆಯ ಮೇಲೆ ಇಳಿಯಬೇಕು, ಗದ್ದ ಕ್ಯೂ ಹತ್ತಿರ ಬರಬೇಕು. ಹಿಂದಿನ ಕೈ ಕ್ಯೂವನ್ನು ಹಿಸುಕಬಾರದು. ಹಕ್ಕಿ ಮರಿ ಹಿಡಿದಷ್ಟೇ ಹಿಡಿತ ಸಾಕು. ನೆನಪಿರಲಿ, ಹೊಡೆಯುವಾಗ ಒಂದು ಕಾಲಾದರೂ ನೆಲಕ್ಕೆ ತಾಗಿರಬೇಕು, ಇಲ್ಲದಿದ್ದರೆ ಫೌಲ್.

5. ಮೂರು ಸಲ ತೂಗಿ, ನಿಲ್ಲಿ. ಕ್ಯೂವನ್ನು ಚೆಂಡಿನ ಹತ್ತಿರ ಒಯ್ದು ಹಿಂದೆ ತರೋದಕ್ಕೆ ಫೆದರಿಂಗ್ ಅಂತಾರೆ. ಮೂರೋ ನಾಲ್ಕೋ ಸಲ ಸಾಕು, ಆದರೆ ಪ್ರತಿ ಹೊಡೆತಕ್ಕೂ ಅಷ್ಟೇ ಸಲ ಇರಲಿ. ಟಿಪ್ ಚೆಂಡಿಗೆ ತಗುಲಿದರೆ ಫೌಲ್, ಎದುರಾಳಿಗೆ ಕನಿಷ್ಠ 4 ಅಂಕ. ಕೊನೆಯ ಸಲ ಟಿಪ್ ಚೆಂಡಿನ ಹತ್ತಿರ ಬಂದಾಗ ಒಂದು ಕ್ಷಣ ಪೂರ್ತಿ ನಿಲ್ಲಿಸಿ. ಟಿಪ್ ಬೇಕಾದ ಜಾಗಕ್ಕೇ ಇದೆಯಾ ಅಂತ ನೋಡಿ. ಈಗ ಕಣ್ಣು ಎತ್ತಿ ಕೆಂಪು ಚೆಂಡಿಗೆ ನೆಡಿ.

6. ನಿಧಾನ ಹಿಂದೆ, ನೇರ ಮುಂದೆ, ಅಲ್ಲೇ ಇರಿ. ಕ್ಯೂ ನಿಧಾನವಾಗಿ ಹಿಂದೆ ಬರಲಿ. ಹಿಂದಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಒಂದು ತಡೆ. ಆಮೇಲೆ ಚೆಂಡಿನ ಮೂಲಕ ಹಾಯ್ದು ಮುಂದೆ ಹೋಗಲಿ. ಚೆಂಡು ಪಾಕೆಟ್ ಮುಟ್ಟೋವರೆಗೆ ತಲೆ ಎತ್ತಬೇಡಿ. ಹೋಯ್ತಾ ಇಲ್ವಾ ಅಂತ ಬೇಗ ನೋಡೋ ಆಸೆಗೆ ತಲೆ ಎತ್ತಿದರೆ ಹೆಗಲು ಅಲ್ಲಾಡುತ್ತದೆ, ಹೆಗಲಿನ ಜೊತೆ ಕ್ಯೂ ಅಲ್ಲಾಡುತ್ತದೆ.

ನಡುವೆ ಅನುಮಾನ ಬಂದರೆ? ಎದ್ದು ನಿಲ್ರಿ

ಹೇಳೋದು ಸುಲಭ, ಮಾಡೋದು ಕಷ್ಟ ಅನ್ನೋ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಬಗ್ಗಿ ಆಗಿದೆ, ಕ್ಯೂ ತೂಗುತ್ತಿದ್ದೀರಿ. ಆಗ ಮನಸ್ಸಿನಲ್ಲಿ ಒಂದು ಹುಳ: "ಇದು ಸ್ವಲ್ಪ ತೆಳ್ಳಗ ಹೊಡೀಬೇಕೇನೋ?" ಪಕ್ಕದಲ್ಲಿ ನಿಂತವರು ಬೇರೆ, "ಅದನ್ನ ಬಿಡೋ, ನೀಲಿ ಹೊಡಿ" ಅಂತ ಕೂಗುತ್ತಾರೆ. ನೂರಕ್ಕೆ ಎಪ್ಪತ್ತು ಮನಸ್ಸು ಮೊದಲಿನ ಹೊಡೆತಕ್ಕೆ, ಮೂವತ್ತು ಇನ್ನೊಂದಕ್ಕೆ. ಆದರೂ ಹೆಚ್ಚಿನವರು ಹೊಡೆದೇ ಬಿಡುತ್ತಾರೆ. ಬಗ್ಗಿದವರು ಎದ್ದರೆ ಅಂಜಿದರು ಅಂತ ಮಂದಿ ನಗುತ್ತಾರೆ ಅನ್ನೋ ನಾಚಿಕೆ.

ಆ ನಾಚಿಕೆ ಬಹಳ ಫ್ರೇಮ್ ತಿಂದಿದೆ. ಕೈ ಅರ್ಧ ದಾರಿಯಲ್ಲಿ ಗುರಿ ಬದಲಿಸುತ್ತದೆ, ಆದರೆ ಕಾಲು ಹಳೆಯ ಗೆರೆಯ ಮೇಲೇ ಇರುತ್ತದೆ. ಅಲ್ಲಿಗೆ ಎರಡೂ ಹೊಡೆತ ಹೋದವು. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: 2 ಮಿಲಿಮೀಟರ್ ಸರಿದರೆ ಸಾಕು.

ಹಾಗಾಗಿ ನಿಯಮ ಮಾಡಿಕೊಳ್ಳಿ: ಅನುಮಾನ ಬಂತಾ, ಪೂರ್ತಿ ಎದ್ದು ನಿಲ್ಲಬೇಕು, ಒಂದು ಹೆಜ್ಜೆ ಹಿಂದೆ ಹೋಗಬೇಕು, ಚಾಕ್ ಹಿಡಿದು ಒಂದನೇ ಹಂತದಿಂದ ಶುರು ಮಾಡಬೇಕು. ಬಗ್ಗಿದಲ್ಲೇ ಸೊಂಟ ತಿರುಗಿಸಿ, ಕ್ಯೂ ಸರಿಸಿ ಹೊಂದಿಸಿಕೊಳ್ಳಬಾರದು. ಟಿವಿಯಲ್ಲಿ ದೊಡ್ಡ ಪಂದ್ಯ ನೋಡಿದವರಿಗೆ ಗೊತ್ತು, ವಿಶ್ವ ಚಾಂಪಿಯನ್ನರೂ ಬಗ್ಗಿದವರು ಎದ್ದು, ಗೆರೆ ಮತ್ತೆ ನೋಡಿ, ಮತ್ತೆ ಬಗ್ಗುತ್ತಾರೆ. ಅವರನ್ನು ನೋಡಿ ಯಾರೂ ನಗೋದಿಲ್ಲ. ಟೇಬಲ್ ರೊಕ್ಕ ಕೊಡೋರು ನೀವು, ಕೂಗೋರಲ್ಲ.

ಕ್ರಮ ಅಂದ್ರೆ ನಿಧಾನ ಅಲ್ಲ

"ಇಷ್ಟೆಲ್ಲ ಮಾಡಿಕೋತ ನಿಂತ್ರ ಟೇಬಲ್ ಟೈಮ್ ಮುಗೀತದ" ಅನ್ನೋರಿದ್ದಾರೆ. ಅವರಿಗೆ ಒಂದು ಉದಾಹರಣೆ. 1997ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇಂಗ್ಲೆಂಡಿನ ರೋನಿ ಒಸುಲಿವನ್ 147 ಅಂಕದ ಪೂರ್ತಿ ಬ್ರೇಕ್ ಮಾಡಿದರು, ಅದೂ 5 ನಿಮಿಷ 8 ಸೆಕೆಂಡಿನಲ್ಲಿ. 147 ಆಗಬೇಕು ಅಂದ್ರೆ 15 ಕೆಂಪು, ಪ್ರತಿ ಕೆಂಪಿನ ಜೊತೆ ಒಂದು ಕಪ್ಪು, ಕೊನೆಗೆ 6 ಬಣ್ಣ, ಒಟ್ಟು 36 ಚೆಂಡು ಹಾಕಬೇಕು. 308 ಸೆಕೆಂಡನ್ನು 36ಕ್ಕೆ ಭಾಗಿಸಿದರೆ ಒಂದು ಹೊಡೆತಕ್ಕೆ ಒಂಬತ್ತು ಸೆಕೆಂಡೂ ಇಲ್ಲ. ಒಂದು ಚೆಂಡಿನಿಂದ ಇನ್ನೊಂದಕ್ಕೆ ನಡೆದು ಹೋಗೋ ಸಮಯವೂ ಅದರಲ್ಲೇ ಬಂತು.

ಆತುರ ಬೇರೆ, ವೇಗ ಬೇರೆ. ಆತುರಗಾರ ಹಂತ ಹಾರಿಸುತ್ತಾನೆ. ವೇಗದ ಆಟಗಾರ ಹಂತಗಳನ್ನು ಬೇಗ ಮುಗಿಸುತ್ತಾನೆ. ನಿಮ್ಮ ಸ್ವಭಾವ ವೇಗದ್ದಾದರೆ ಎಂಟು ಸೆಕೆಂಡಿನಲ್ಲಿ ಮುಗಿಸಿ, ನಿಧಾನದ್ದಾದರೆ ಹದಿನೈದು ತಗೊಳ್ಳಿ. ಸುಲಭದ ಚೆಂಡಿಗೂ ಕಷ್ಟದ ಚೆಂಡಿಗೂ ಅದೇ ಅಳತೆ ಇದ್ದರೆ ಸಾಕು.

ಮುಧೋಳ ನಾಯಿಯ ಕಣ್ಣು

ಮುಧೋಳ ಬೇಟೆನಾಯಿ ವಾಸನೆ ಹಿಡಿದು ಹೋಗೋ ಜಾತಿಯಲ್ಲ, ಕಣ್ಣಿಂದ ಬೇಟೆ ಹಿಡಿಯೋ ಜಾತಿ. ಒಮ್ಮೆ ಕಣ್ಣು ನೆಟ್ಟಿತು ಅಂದ್ರೆ ಆಚೀಚೆ ನೋಡೋದಿಲ್ಲ. ಸ್ನೂಕರಿನಲ್ಲೂ ಕೊನೆಯ ನೋಟ ಹಾಗೇ ಇರಬೇಕು.

ಇದು ಬರೀ ಮಾತಲ್ಲ. ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ ಆಟಗಾರರ ಕಣ್ಣಿನ ಚಲನೆ ಅಳೆದು, ಹೊಡೆತಕ್ಕೆ ಮುಂಚಿನ ಈ ಸ್ಥಿರ ನೋಟಕ್ಕೆ "ಕ್ವೈಟ್ ಐ" ಅಂತ ಹೆಸರಿಟ್ಟರು. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬಿಲಿಯರ್ಡ್ಸ್ ಆಟಗಾರರ ಮೇಲೆಯೇ ನಡೆದಿತ್ತು. ಪಳಗಿದ ಆಟಗಾರರ ಕೊನೆಯ ನೋಟ ಹೊಸಬರದ್ದಕ್ಕಿಂತ ಹೆಚ್ಚು ಹೊತ್ತು ಒಂದೇ ಜಾಗದಲ್ಲಿ ನಿಲ್ಲುತ್ತದೆ ಅನ್ನೋದು ಅದರಲ್ಲಿ ಕಂಡುಬಂತು. ಚೆಂಡು ಒಳಗೆ ಹೋದ ಹೊಡೆತಗಳಲ್ಲಿ ಆ ನೋಟ ಇನ್ನೂ ದೀರ್ಘ.

ಹಾಗಾದರೆ ಎಲ್ಲಿ ನೋಡಬೇಕು? ಕ್ಯೂ ತೂಗುವಾಗ ಕಣ್ಣು ಬಿಳಿ ಚೆಂಡಿಗೂ ಕೆಂಪಿಗೂ ಓಡಾಡಲಿ. ಟಿಪ್ ನಿಲ್ಲಿಸಿದ ಮೇಲೆ ಕಣ್ಣು ಕೆಂಪು ಚೆಂಡಿನ ಮೇಲೆ. ಕ್ಯೂ ಹಿಂದೆ ಬಂದು ಮುಂದೆ ಹೋಗಿ ಚೆಂಡಿಗೆ ತಗಲೋವರೆಗೆ ಕದಲಬಾರದು. ಪಾಕೆಟ್ ಕಡೆ ಕಣ್ಣು ಹೋಯಿತು ಅಂದ್ರೆ ತಲೆಯೂ ಹೋಯಿತು ಅಂತಲೇ ಲೆಕ್ಕ.

ನಮ್ಮ ರಾಜ್ಯದವರೇ ದಾರಿ ತೋರಿದ್ದಾರೆ

ಸ್ನೂಕರ್ ಇಂಗ್ಲೆಂಡಿನ ಆಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಇದು ಹುಟ್ಟಿದ್ದು ನಮ್ಮ ದೇಶದಲ್ಲಿ. 1875ರ ಸುಮಾರಿಗೆ ಜಬಲಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಶುರು ಮಾಡಿದ ಆಟ ಇದು. ಮೊದಲ ನಿಯಮಗಳು 1882ರಲ್ಲಿ ಊಟಿ ಕ್ಲಬ್‌ನ ಗೋಡೆಗೆ ಬಂದವು ಅನ್ನುತ್ತದೆ ಆಟದ ಇತಿಹಾಸ.

ಇಂದು ಈ ಆಟದಲ್ಲಿ ಭಾರತದ ದೊಡ್ಡ ಹೆಸರು ಬೆಂಗಳೂರಿನ ಪಂಕಜ್ ಅಡ್ವಾಣಿ. ಅಣ್ಣನ ಹಿಂದೆ ಸ್ನೂಕರ್ ಪಾರ್ಲರಿಗೆ ಹೋಗಿ ಆಟ ನೋಡಿದ ಹುಡುಗ, ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ ಸವೂರ್ ಅವರ ಕೈಯಲ್ಲಿ ಪಳಗಿದರು. 2003ರಲ್ಲಿ ಚೀನಾದಲ್ಲಿ ಮೊದಲ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ವಯಸ್ಸು 18. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ಗೆದ್ದದ್ದು 28ನೇ ವಿಶ್ವ ಪ್ರಶಸ್ತಿ. ಪಾರ್ಲರಿಗೆ ಕರೆದೊಯ್ದ ಅಣ್ಣ ಶ್ರೀ ಅಡ್ವಾಣಿ ಮುಂದೆ ಕ್ರೀಡಾ ಮನಶ್ಶಾಸ್ತ್ರಜ್ಞರಾದರು. ಕೈಯ ಜೊತೆ ಮನಸ್ಸಿಗೂ ತರಬೇತಿ ಬೇಕು ಅನ್ನೋದಕ್ಕೆ ಒಂದೇ ಮನೆಯಲ್ಲಿ ಎರಡು ಸಾಕ್ಷಿ. ಪಂಕಜ್ ಆಟದ ವಿಡಿಯೊ ಮೊಬೈಲಿನಲ್ಲಿ ಸಿಗುತ್ತವೆ. ಮುಂದಿನ ಸಲ ನೋಡುವಾಗ ಚೆಂಡು ಬಿಟ್ಟು ಅವರ ಕಾಲು ಮತ್ತು ಕಣ್ಣು ನೋಡಿ. ಅದು ಹತ್ತು ಪಾಠಕ್ಕೆ ಸಮ.

"ನಾವು ನೌಕರಿ, ವ್ಯಾಪಾರ ಮಾಡೋರು, ನಮಗೆಲ್ಲಿ ಸಾಧ್ಯ" ಅನ್ನೋರಿಗೆ ಇನ್ನೊಂದು ಹೆಸರು: ಆರ್. ಉಮಾದೇವಿ. ಎಳೆಯ ವಯಸ್ಸಿನಲ್ಲಲ್ಲ, ಸರ್ಕಾರಿ ನೌಕರಿಗೆ ಸೇರಿದ ಮೇಲೆ ಕ್ಯೂ ಹಿಡಿದವರು. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಕೆಲಸ ಮುಗಿಸಿ ಸಿಗೋ ಹೊತ್ತನ್ನು ಹೇಗೆ ಬಳಸಬೇಕು ಅನ್ನೋದಕ್ಕೆ ಅವರೇ ಪಾಠ.

ಕೊನೆಯ ಕಪ್ಪು ಚೆಂಡು

ಒತ್ತಡ ಯಾರನ್ನೂ ಬಿಡೋದಿಲ್ಲ. 1985ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ಟೀವ್ ಡೇವಿಸ್ ಮತ್ತು ಡೆನಿಸ್ ಟೇಲರ್ ಎದುರಾಬದುರು. ಡೇವಿಸ್ ಆಗಲೇ ಮೂರು ಸಲ ಚಾಂಪಿಯನ್. ಟೇಲರ್ 0–8ರಿಂದ ಹಿಂದೆ ಬಿದ್ದವರು ಮೇಲೆದ್ದು 17–17ಕ್ಕೆ ತಂದರು. ಕೊನೆಯ ಫ್ರೇಮ್‌ನಲ್ಲಿ ಉಳಿದದ್ದು ಕಪ್ಪು ಚೆಂಡು ಒಂದೇ. ಹಾಕಿದವರೇ ವಿಶ್ವ ಚಾಂಪಿಯನ್. ಮಧ್ಯರಾತ್ರಿ ದಾಟಿದ್ದರೂ ಬ್ರಿಟನ್‌ನಲ್ಲಿ 1 ಕೋಟಿ 85 ಲಕ್ಷ ಮಂದಿ ಟಿವಿ ಮುಂದೆ ಕೂತಿದ್ದರು. ಡೇವಿಸ್‌ಗೆ ತೆಳ್ಳಗಿನ ಒಂದು ಓರೆ ಹೊಡೆತ ಸಿಕ್ಕಿತು. ಹೊಡೆದರು, ಬೇಕಾದ್ದಕ್ಕಿಂತ ತೆಳ್ಳಗೆ ತಗುಲಿ ಚೆಂಡು ಹೊರಗೇ ಉಳಿಯಿತು. ಟೇಲರ್ ಬಂದು ಹಾಕಿದರು. ಇಡೀ ಫೈನಲ್‌ನಲ್ಲಿ ಅವರು ಮುಂದೆ ಬಂದದ್ದು ಆ ಒಂದೇ ಚೆಂಡಿನಿಂದ.

ಡೇವಿಸ್‌ನಂಥವರಿಗೇ ಹೀಗಾದರೆ, ಸ್ನೇಹಿತರ ಎದುರು ಕೊನೆಯ ಕಪ್ಪು ಹೊಡೆಯುವಾಗ ನಿಮ್ಮ ಕೈ ನಡುಗೋದರಲ್ಲಿ ವಿಶೇಷ ಏನಿಲ್ಲ. ಕ್ರಮ ಇದ್ದರೆ ಯಾವತ್ತೂ ತಪ್ಪೋದಿಲ್ಲ ಅಂತಲ್ಲ. ಎದೆ ಹೊಡೆದುಕೊಳ್ಳುವಾಗ ಮನಸ್ಸಿಗೆ ಒಂದು ಕೆಲಸ ಸಿಗುತ್ತದೆ: ಚಾಕ್, ಗೆರೆ, ಬಲಗಾಲು, ಕೈ, ಮೂರು ಸಲ, ನಿಲುಗಡೆ. "ತಪ್ಪಿದ್ರ ಏನ್ ಮಾಡೂದು" ಅನ್ನೋ ಯೋಚನೆಗೆ ಜಾಗ ಉಳಿಯೋದಿಲ್ಲ. ಅದಕ್ಕೇ ಸುಲಭದ ಚೆಂಡಿಗೂ ಈ ಕ್ರಮ ಬಿಡಬಾರದು. ಸುಲಭದಲ್ಲಿ ರೂಢಿಯಾಗದ್ದು ಕಷ್ಟದಲ್ಲಿ ಕೈಗೆ ಬರೋದಿಲ್ಲ.

ಟೇಬಲ್ ಇಲ್ಲದ ಊರವರಿಗೆ

ಚಿಕ್ಕಪಡಸಲಗಿಯಂಥ ಊರಿನವರು ದಿನಾ ಪಟ್ಟಣಕ್ಕೆ ಹೋಗಿ ತಾಸಿಗಿಷ್ಟು ಅಂತ ರೊಕ್ಕ ಕೊಟ್ಟು ಅಭ್ಯಾಸ ಮಾಡೋದು ಆಗದ ಮಾತು. ಸಂತೋಷದ ವಿಷಯ ಅಂದ್ರೆ ಈ ಕ್ರಮದ ಅರ್ಧ ಭಾಗ ಮನೆಯಲ್ಲೇ ಕಲಿಯಬಹುದು.

ಫರಸಿ ಗೆರೆ: ಮನೆಯ ನೆಲದಲ್ಲಿ ಎರಡು ಫರಸಿ ಅಥವಾ ಟೈಲ್ಸ್ ಕೂಡೋ ಗೆರೆ ಇರುತ್ತದಲ್ಲ, ಅದೇ ನಿಮ್ಮ ಹೊಡೆತದ ಗೆರೆ. ಆ ಗೆರೆಯ ಕೊನೆಗೆ ಒಂದು ಮೇಜು ಇಡಿ. ಮೂರು ಅಡಿ ಹಿಂದೆ ನಿಂತು, ಬಲಗಾಲು ಗೆರೆಯ ಮೇಲೆ ಇಟ್ಟು, ಎಡಗಾಲು ಪಕ್ಕಕ್ಕೆ ತಂದು ಬಗ್ಗಿ. ಎದ್ದು ಮತ್ತೆ ಹಿಂದೆ ಹೋಗಿ. ದಿನಾ 20 ಸಲ ಮಾಡಿದರೆ ಐದೇ ನಿಮಿಷ. ಹತ್ತು ದಿನದಲ್ಲಿ ಕಾಲು ತಾನಾಗೇ ಸರಿಯಾದ ಜಾಗಕ್ಕೆ ಬೀಳುತ್ತದೆ.

ಬಾಟಲಿ ಅಭ್ಯಾಸ: ಖಾಲಿ ಬಾಟಲಿಯನ್ನು ಮೇಜಿನ ಮೇಲೆ ಬಾಯಿ ನಿಮ್ಮ ಕಡೆ ಬರೋ ಹಾಗೆ ಮಲಗಿಸಿ. ಉರುಳದಂತೆ ಕೆಳಗೆ ಬಟ್ಟೆ ಕೊಡಿ. ಒಂಬತ್ತು-ಹತ್ತು ಇಂಚು ಈಚೆ ಕೈ ಊರಿ, ಕ್ಯೂ ಅಥವಾ ಅಂಥದ್ದೇ ನೇರವಾದ ತೆಳ್ಳಗಿನ ಕೋಲನ್ನು ಬಾಟಲಿಯ ಬಾಯಿಗೆ ತಗಲದಂತೆ ಒಳಗೆ ಹಾಕಿ, ಹಿಂದೆ ತೆಗೆಯಿರಿ. ಮೂರು ಸಲ ತೂಗಿ, ನಿಲ್ಲಿಸಿ, ನಾಲ್ಕನೇ ಸಲ ಒಳಗೆ. ಬಾಯಿಗೆ ತಗುಲಿ ಟಣ್ ಅಂದ್ರೆ ಕ್ಯೂ ಡೊಂಕು ಹೋಗುತ್ತಿದೆ ಅಂತ ಅರ್ಥ.

ಟೇಬಲ್ ಸಿಕ್ಕಾಗ: ಎರಡು ವಾರದ ಅಭ್ಯಾಸ

ಮೊದಲ ಹತ್ತು ನಿಮಿಷ ನೇರದ ಪರೀಕ್ಷೆ. ಕಂದು, ನೀಲಿ, ಗುಲಾಬಿ, ಕಪ್ಪು ಚೆಂಡಿನ ಗುರುತುಗಳು ಟೇಬಲ್ ನಡುವೆ ಒಂದೇ ನೇರದಲ್ಲಿರುತ್ತವೆ. ಬೇರೆ ಚೆಂಡು ತೆಗೆದು, ಬಿಳಿ ಚೆಂಡನ್ನು ಕಂದು ಗುರುತಿನ ಮೇಲಿಡಿ. ನಡುಮಧ್ಯಕ್ಕೆ ಹೊಡೆದು ಎದುರಿನ ಕುಶನ್ ಮುಟ್ಟಿಸಿ. ಎಲ್ಲ ಗುರುತು ದಾಟಿ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ನಿಮ್ಮ ಟಿಪ್‌ಗೇ ತಗಲಬೇಕು. ಪಕ್ಕಕ್ಕೆ ಬಂದರೆ ಚೆಂಡಿನ ನಡು ಬಿಟ್ಟು ಹೊಡೆದಿದ್ದೀರಿ ಅಂತಲೇ.

ಮುಂದಿನ ಇಪ್ಪತ್ತು ನಿಮಿಷ ಒಂದೇ ಹೊಡೆತ. ನೀಲಿ ಚೆಂಡು ಅದರ ಗುರುತಿನ ಮೇಲೆ, ಬಿಳಿ ಚೆಂಡು ಮೂಲೆ ಪಾಕೆಟ್‌ಗೆ ನೇರ ಬರೋ ಹಾಗೆ ಎರಡು ಅಡಿ ಹಿಂದೆ. ಆರೂ ಹಂತ ಪಾಲಿಸಿ 20 ಸಲ ಹೊಡೆಯಿರಿ. ನಡುವೆ ಐದು ಸಲ ಬೇಕಂತಲೇ ಬಗ್ಗಿ, ಹೊಡೆಯದೆ ಎದ್ದು ನಿಲ್ಲಿ. ಏಳೋದಕ್ಕೂ ಅಭ್ಯಾಸ ಬೇಕು.

ಉಳಿದ ಸಮಯ ಆಟ. ಸಮಯ ಕಡಿಮೆ ಇದ್ದರೆ ಆರು ಕೆಂಪಿನ ಆಟ ಆಡಿ. ಅದರಲ್ಲಿ ಗರಿಷ್ಠ 75 ಅಂಕ, ಫ್ರೇಮ್ ಬೇಗ ಮುಗಿಯುತ್ತದೆ.

ಕೊನೆಯದಾಗಿ ಒಂದು ಖಾತೆ ಪುಸ್ತಕ ಇಡಿ. ಉದ್ರಿ ಬರೆದಿಟ್ಟ ಹಾಗೆ, ತಪ್ಪಿದ ಪ್ರತಿ ಚೆಂಡನ್ನು ಮೂರರಲ್ಲಿ ಒಂದು ಕಾಲಮಿಗೆ ಹಾಕಿ:

- ತೀರ್ಮಾನ: ಬಗ್ಗಿದ ಮೇಲೆ ಮನಸ್ಸು ಬದಲಾಯಿತು, ಅಥವಾ ಜೋರು ಎಷ್ಟು ಅಂತ ಗೊತ್ತಿರಲಿಲ್ಲ.
- ನಿಲುವು: ಚೆಂಡು ಪದೇ ಪದೇ ಒಂದೇ ಬದಿಗೆ ತಪ್ಪುತ್ತಿದೆ. ಕಾಲು, ತಲೆ ಗೆರೆಯ ಮೇಲಿಲ್ಲ.
- ಹೊಡೆತ: ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕೈ ಜಗ್ಗುತ್ತಿದೆ ಅಥವಾ ತಲೆ ಬೇಗ ಏಳುತ್ತಿದೆ.

ಎರಡು ವಾರ ಕಳೆದ ಮೇಲೆ ಕೂಡಿಸಿ ನೋಡಿ. ಯಾವ ಕಾಲಂ ದೊಡ್ಡದೋ ಆ ಹಂತಕ್ಕೆ ಮುಂದಿನ ಎರಡು ವಾರ. ಹೊಸ ಕ್ಯೂ ಕೊಳ್ಳೋ ವಿಚಾರ ಆಮೇಲೆ ಮಾಡೋಣ.

ಕೇಳುವ ಪ್ರಶ್ನೆಗಳು

*ನಮ್ಮ ಕಡೆ ಇರೋದು ಪೂಲ್ ಟೇಬಲ್. ಇದು ನಡೆಯುತ್ತಾ?*
ಧಾರಾಳವಾಗಿ. ಪೂಲ್ ಟೇಬಲ್ ಸಣ್ಣದು, ಪಾಕೆಟ್ ದೊಡ್ಡದು, ಹಾಗಾಗಿ ತಪ್ಪು ಬೇಗ ಕಾಣೋದಿಲ್ಲ. ಕ್ರಮ ಅದೇ.

*ಕೇರಂ ಆಡೋರಿಗೆ?*
ಒಳ್ಳೆ ಕೇರಂ ಆಟಗಾರ ಸ್ಟ್ರೈಕರ್ ಸರಿಯಾಗಿ ಇಟ್ಟು, ಕಾಯಿ ನೋಡಿ, ಮತ್ತೆ ಸ್ವಲ್ಪ ಸರಿಸಿ, ಆಮೇಲೇ ಬೆರಳು ಬಿಡುತ್ತಾನೆ. ಅವರಿಗೆ ಈ ಕ್ರಮ ಅರ್ಧ ಬಂದ ಹಾಗೇ. ಕಾಲಿನ ಕೆಲಸ ಒಂದು ಹೆಚ್ಚು, ಅಷ್ಟೇ.

*ಕನ್ನಡಕ ಹಾಕ್ತೀನಿ, ಬಗ್ಗಿದಾಗ ಚೌಕಟ್ಟು ಅಡ್ಡ ಬರುತ್ತದೆ.*
ನಲವತ್ತು ದಾಟಿದವರ ದೊಡ್ಡ ತೊಂದರೆ ಇದು. ಬಗ್ಗಿದಾಗ ನಾವು ಗಾಜಿನ ಮೇಲಿನ ಅಂಚಿನಿಂದ ನೋಡುತ್ತೇವೆ. ಮೇಲೆ ಹೇಳಿದ ಡೆನಿಸ್ ಟೇಲರ್ ಇದಕ್ಕಾಗಿಯೇ ತಲೆಕೆಳಗಾದಂತೆ ಕಾಣೋ, ಎತ್ತರದ ಗಾಜಿನ ಕನ್ನಡಕ ಮಾಡಿಸಿಕೊಂಡಿದ್ದರು. ನೀವು ಚೌಕಟ್ಟು ಆರಿಸುವಾಗ ಗಾಜು ಎತ್ತರ ಇರೋದನ್ನು ನೋಡಿ, ಬಗ್ಗಿ ನೋಡಬೇಕು ಅಂತ ಕನ್ನಡಕದ ಅಂಗಡಿಯವರಿಗೆ ಮೊದಲೇ ಹೇಳಿ.

*ಪಣ ಕಟ್ಟಿ ಆಡಿದರೆ ಗಮನ ಹೆಚ್ಚುತ್ತದೆ ಅಂತಾರಲ್ಲ?*
ಹೆಚ್ಚೋದು ಗಮನ ಅಲ್ಲ, ನಡುಕ. ಟೇಬಲ್ ಬಾಡಿಗೆವರೆಗೆ ಸರಿ, ಅದಕ್ಕೆ ಮೇಲೆ ಹೋದರೆ ಆಟವೂ ಕೆಡುತ್ತದೆ, ಮನೆಯೂ ಕೆಡುತ್ತದೆ. ಹುಡುಗರನ್ನು ಟೇಬಲ್ಲಿಗೆ ಕಳಿಸೋ ತಂದೆ-ತಾಯಿಗೆ ಇರೋ ಅಂಜಿಕೆಯೂ ಇದೇ. ಪಣ ಇಲ್ಲದ ಟೇಬಲ್ ಇದ್ದರೆ ಅವರೇ ಕರೆತಂದು ಬಿಡುತ್ತಾರೆ.

ಕಿಸೆಯಲ್ಲಿಟ್ಟುಕೊಳ್ಳಿ

ಚಾಕ್ ಹಚ್ಚುತ್ತ ತೀರ್ಮಾನ. ಹಿಂದೆ ನಿಂತು ಗೆರೆ. ಗೆರೆಯ ಮೇಲೆ ಬಲಗಾಲು. ಕೈ ಗಟ್ಟಿ, ತಲೆ ಕೆಳಗೆ. ಮೂರು ಸಲ ತೂಗಿ ನಿಲುಗಡೆ. ಕಣ್ಣು ಕೆಂಪಿಗೆ, ಹೊಡೆದು ಅಲ್ಲೇ ಇರಿ. ಅನುಮಾನ ಬಂದರೆ ಎದ್ದು ಮೊದಲಿನಿಂದ.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಚಾಕ್ ಜೊತೆ ಇಟ್ಟುಕೊಳ್ಳಿ. ಮೊದಲ ವಾರ ಆಟ ಸ್ವಲ್ಪ ಕೆಟ್ಟ ಹಾಗೆ ಅನ್ನಿಸಬಹುದು, ಹಳೆ ರೂಢಿ ಬಿಡುವಾಗ ಹಾಗೇ ಆಗೋದು. ಬಿಡಬೇಡಿ. ಎರಡನೇ ವಾರದ ಖಾತೆ ಪುಸ್ತಕ ತೆಗೆದು ನೋಡಿ, ಲೆಕ್ಕ ತಾನೇ ಮಾತಾಡುತ್ತದೆ.